ವಠಾರದ ಮೇಲ್ಮಹಡಿ

ಟೋಕಿಯೊದ ಓಎದೊ ಮೆಟ್ರೊ ಲೈನು 6ರ ಆಕಾರದಲ್ಲಿದೆ. ಒಂದು ದೊಡ್ಡ ಸುತ್ತು, ಅದಕ್ಕೊಂದು ಬಾಲ. ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಬರೆಯುವವರು ಒಂದು ಕಾಲದಲ್ಲಿ ಬಾಡಿಗೆಗಿದ್ದ ಟೋಕಿವಾಸೊ ಅನ್ನೋ ವಠಾರ ನೋಡಲು ನಾವು ಹೋಗಬೇಕಿದ್ದದ್ದು ಬಾಲದ ಕಡೆಯ ಓಚಿಯಾಯ್-ಮಿನಾಮಿ-ನಾಗಾಸಾಕಿ ಸ್ಟೇಷನ್ನಿಗೆ. ಮೊನ್ಜೆನ್-ನಾಕಾಚೊದಲ್ಲಿ ರೈಲು ಬದಲಿಸುವಾಗ ನಾನು ಬೋರ್ಡನ್ನೂ ಸರಿಯಾಗಿ ನೋಡದೆ ಎದುರಿಗೆ ನಿಂತಿದ್ದ ರೈಲು ಹತ್ತಿಬಿಟ್ಟೆ. ಜೊತೆಗಿದ್ದ ಅಣ್ಣನ ಮಗಳು ಎರಡು ಸ್ಟೇಷನ್ ದಾಟಿದ ಮೇಲೆ ತಣ್ಣಗೆ ಹೇಳಿದಳು, “ಅತ್ತೆ, ಇದು ಉಲ್ಟಾ ಸುತ್ತಿಕೊಂಡು ಹೋಗುತ್ತೆ.” ಅವಳಿಗೆ ಹತ್ತು ವರ್ಷ. ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆಯುತ್ತಿರುವುದು ಟೋಕಿಯೊದ ನಿಶಿ-ಕಸಾಯ್‌ನಲ್ಲಿ. ನಮ್ಮ ದೇಶದ ಎಷ್ಟೋ ಸಾಫ್ಟ್‌ವೇರ್ ಕುಟುಂಬಗಳಿರುವ ಜಾಗ ಅದು.

ಇಳಿದು ಆ ಕಡೆಯ ರೈಲು ಹಿಡಿಯಬಹುದಿತ್ತು. ಅಷ್ಟರಲ್ಲಿ ರ್ಯೋಗೊಕು ಬಂತು, ನಾನು “ಇರಲಿ ಬಿಡು” ಅಂದೆ. ಸೂಮೊ ಕುಸ್ತಿಗೆ ಹೆಸರಾದ ಊರು ಅದು. ನಾವು ನೋಡಲು ಹೊರಟಿದ್ದ ಕಥೆಯ ಒಂದು ತುದಿಯೂ ಅಲ್ಲೇ ಇದೆ. 1954ರಲ್ಲಿ ಮೊಟೂ ಅಬಿಕೊ, ಹಿರೋಶಿ ಫುಜಿಮೊಟೊ ಅನ್ನೋ ಇಬ್ಬರು ಹುಡುಗರು ತೊಯಾಮಾ ಸೀಮೆಯ ತಕಾಓಕಾ ಊರಿನಿಂದ ಮಾಂಗಾ ಬರೆದೇ ಬದುಕುತ್ತೇವೆ ಅಂತ ಟೋಕಿಯೊಗೆ ಬಂದರು. ಮೊದಲು ಇಳಿದುಕೊಂಡದ್ದು ರ್ಯೋಗೊಕುವಿನ ನೆಂಟರ ಮನೆಯಲ್ಲಿ. ಕೋಣೆ ಎರಡು ತತಾಮಿ ಚಾಪೆಯಷ್ಟು. ಅಂದರೆ ಇಬ್ಬರು ಮಲಗಿದರೆ ಮುಗಿಯಿತು, ಮೇಜಿಗೂ ಜಾಗವಿಲ್ಲ. ಅದೇ ಇಬ್ಬರು ಮುಂದೆ ಫುಜಿಕೊ ಫುಜಿಯೊ ಅನ್ನುವ ಒಂದೇ ಹೆಸರಾದರು. ನಮ್ಮ ಮೈಸೂರಿನ ಮಕ್ಕಳು ಟಿವಿಯಲ್ಲಿ ಹಿಂದಿಯಲ್ಲಿ ನೋಡುವ ಡೋರೆಮಾನ್ ಆ ಹೆಸರಿನಲ್ಲೇ ಬಂದದ್ದು.

ಓಚಿಯಾಯ್-ಮಿನಾಮಿ-ನಾಗಾಸಾಕಿಯಲ್ಲಿ ಇಳಿದು ಐದು ನಿಮಿಷ ನಡೆದರೆ ಒಂದು ಸಣ್ಣ ಪಾರ್ಕು. ಅದರೊಳಗೆ ಮಾಸಲು ಬಣ್ಣದ ಎರಡಂತಸ್ತಿನ ಮನೆ. ಇದೇ ಟೋಕಿವಾಸೊ. ‘ಟೋಕಿವಾ’ ಅಂದರೆ ನಿತ್ಯ ಹಸಿರು. ಆದರೆ ಈ ಮನೆ ಅಸಲಿಯಲ್ಲ. 1952ರಲ್ಲಿ ಕಟ್ಟಿದ ಮರದ ಮನೆಯನ್ನು 1982ರಲ್ಲೇ ಕೆಡವಿದ್ದಾರೆ. ಅದು ಇದ್ದದ್ದೂ ಪಾರ್ಕಿನಲ್ಲಲ್ಲ, ಸ್ವಲ್ಪ ಆಚೆ. 2020ರ ಜುಲೈ 7ರಂದು ತೋಶಿಮಾ ವಾರ್ಡಿನವರು ಅದೇ ಅಚ್ಚಿನಲ್ಲಿ ಮತ್ತೆ ಕಟ್ಟಿ ಮಾಂಗಾ ಮ್ಯೂಸಿಯಂ ಅಂತ ಬಾಗಿಲು ತೆರೆದರು. ನಕಲಿ ಮನೆ ನೋಡೋಕೆ ಇಷ್ಟು ದೂರ ಬರಬೇಕಾ ಅಂತ ನನಗೂ ಅನ್ನಿಸಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟೆ. ಕಿರ್ರ್ ಅಂತು. ಮುಂದಿನ ಮೆಟ್ಟಿಲೂ ಕಿರ್ರ್. ಹೊಸದಾಗಿ ಮಾಡಿಸಿದ ಮೆಟ್ಟಿಲು ಬೇಕಂತಲೇ ಸದ್ದು ಮಾಡುವ ಹಾಗೆ ಮಾಡಿದ್ದಾರೆ! ಮೇಲೆ ಹೋದರೆ ಸಾಲಾಗಿ ಕೋಣೆಗಳು, ನಡುವೆ ಉದ್ದ ಕಾರಿಡಾರು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಒಂದು ಕಕ್ಕಸು. ಬಚ್ಚಲುಮನೆ ಇಲ್ಲ. ಅಡುಗೆಮನೆಯ ಗೋಡೆಗೆ ಮಸಿ, ಜಿಡ್ಡು, ತೊಳೆಯದೆ ಬಿಟ್ಟ ಬಟ್ಟಲು. ಎಲ್ಲವನ್ನೂ ಬಣ್ಣ ಹಚ್ಚಿ ಹಳೆಯದು ಮಾಡಿದ್ದಾರೆ. ನಿಂತು ನೋಡುತ್ತ ನನಗೆ ನಗು ಬಂತು. ಇದು ನಮ್ಮ ವಠಾರ ಅಲ್ವಾ? ಒಂದೇ ನಲ್ಲಿ, ಸರದಿ, ಪಕ್ಕದ ಮನೆಯ ಒಗ್ಗರಣೆಯ ವಾಸನೆ. ಇಲ್ಲಿ ಸರದಿಗೂ ಕಾಯದ ಒಬ್ಬರಿದ್ದರಂತೆ. ಫುಜಿಯೊ ಅಕಾತ್ಸುಕಾ. ಸಾರ್ವಜನಿಕ ಸ್ನಾನದ ಮನೆಗೆ ಕೊಡಲು ಕಾಸಿಲ್ಲದಾಗ ಪಾತ್ರೆ ತೊಳೆಯುವ ಸಿಂಕಿನಲ್ಲೇ ಸ್ನಾನ ಮುಗಿಸುತ್ತಿದ್ದರು. ಮುಂದೆ ಮಾಂಗಾ ಬರೆದು ಇಡೀ ಜಪಾನನ್ನು ನಗಿಸಿದವರು ಇವರು. ಅಣ್ಣನ ಮಗಳು ಸಿಂಕಿನ ಅಳತೆ ನೋಡಿ, “ಹಿಡಿಸಲ್ಲ” ಎಂದು ತೀರ್ಪು ಕೊಟ್ಟಳು.

ಈ ವಠಾರ ಹೆಸರುವಾಸಿಯಾದದ್ದು ಮಾಂಗಾ ಬರೆಯುತ್ತಿದ್ದ ಒಸಾಮು ತೆಜುಕಾ ಅವರಿಂದ. 1953ರಲ್ಲಿ 14ನೇ ನಂಬರಿನ ಕೋಣೆಗೆ ಬಂದಾಗ ಅವರಿಗೆ ಇನ್ನೂ 25 ತುಂಬಿರಲಿಲ್ಲ. ಆಗಲೇ ಊರೂರಿನ ಹುಡುಗರು ಅವರ ಚಿತ್ರ ನಕಲು ಮಾಡುತ್ತಿದ್ದರು. ತಕಾಓಕಾದ ನಮ್ಮ ಇಬ್ಬರು ಹುಡುಗರು ಮೊದಲು ಇಟ್ಟುಕೊಂಡಿದ್ದ ಹೆಸರು ಆಶಿಜುಕಾ ಫುಜಿಯೊ. ‘ತೆ’ ಅಂದರೆ ಕೈ, ‘ಆಶಿ’ ಅಂದರೆ ಕಾಲು. ತೆಜುಕಾ ಅವರ ಕೈಗೆ ನಾವು ಸಮ ಅಲ್ಲ, ಕಾಲಿಗೆ ಸಾಕು ಅಂತ!

1954ರ ಕೊನೆಯಲ್ಲಿ ತೆಜುಕಾ ಮನೆ ಬದಲಿಸಿದಾಗ ಆ ಕೋಣೆ ಇವರಿಬ್ಬರಿಗೇ ಬಂತು. ಬಾಡಿಗೆ ತಿಂಗಳಿಗೆ 3,000 ಯೆನ್. ತಾವು ಕಟ್ಟಿದ್ದ 30,000 ಯೆನ್ ಠೇವಣಿಯನ್ನು ತೆಜುಕಾ ವಾಪಸ್ಸು ಪಡೆಯದೆ ಹುಡುಗರಿಗೇ ಬಿಟ್ಟರು. ಮೇಜನ್ನೂ ಬಿಟ್ಟುಹೋದರು. ಲೆಕ್ಕ ಹಾಕಿ ನೋಡಿ. ಸರಿಯಾಗಿ ಹತ್ತು ತಿಂಗಳ ಅಡ್ವಾನ್ಸು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಉಪಕಾರದ ತೂಕ ಬೇರೆ ಹೇಳಬೇಕಿಲ್ಲ.

ಕೋಣೆ ನಾಲ್ಕೂವರೆ ತತಾಮಿ. ನಾನು ಹೆಜ್ಜೆ ಹಾಕಿ ಅಳೆದೆ, ಹೆಚ್ಚುಕಡಿಮೆ ಒಂಬತ್ತಡಿಗೆ ಒಂಬತ್ತಡಿ. ಇಷ್ಟರಲ್ಲೇ ಇಬ್ಬರೂ ಮೇಜಿಟ್ಟುಕೊಂಡು ಬರೆದರು, ಬಂದ ದುಡ್ಡನ್ನು ಅರ್ಧರ್ಧ ಹಂಚಿಕೊಂಡರು. 1955ರ ಹೊಸ ವರ್ಷಕ್ಕೆ ಊರಿಗೆ ಹೋದಾಗ ಮಾತ್ರ ಎಡವಿದರು. ಕೈತುಂಬ ಕೆಲಸ ಒಪ್ಪಿಕೊಂಡಿದ್ದರು, ಊರಿನಲ್ಲಿ ಮೈಮರೆತರು. ಗಡುವು ಒಂದಾದ ಮೇಲೊಂದು ದಾಟಿತು. ಸಂಪಾದಕರಿಂದ ಇನ್ನು ಕಳಿಸುವುದು ಬೇಡ ಅಂತ ತಂತಿ ಬಂತು. ಆಮೇಲೆ ಬಹಳ ದಿನ ಕೆಲಸ ಕೊಡುವವರೇ ಇರಲಿಲ್ಲ. ಅದನ್ನು ಓದುವಾಗ ನನ್ನ ಹೊಟ್ಟೆಯಲ್ಲೂ ಸ್ವಲ್ಪ ಕಿವುಚಿದಂತಾಯಿತು. ನಾನೂ ಹೇಳಿದ ದಿನಕ್ಕೆ ಬರೆದುಕೊಟ್ಟವಳಲ್ಲ.

ನಾನು ಜಾಸ್ತಿ ಹೊತ್ತು ನಿಂತದ್ದು 19ನೇ ನಂಬರಿನ ಮುಂದೆ. ಇದು ಹಿದೆಕೊ ಮಿಜುನೊ ಇದ್ದ ಕೋಣೆ. ಈ ಚಿತ್ರಗಾರರ ಗುಂಪಿನಲ್ಲಿ ಇಲ್ಲಿ ಬಾಡಿಗೆಗಿದ್ದ ಒಬ್ಬಳೇ ಹುಡುಗಿ ಅವರು. ಊರು ಶಿಮೊನೊಸೆಕಿ, ಟೋಕಿಯೊದಿಂದ ಹತ್ತಿರಹತ್ತಿರ ಸಾವಿರ ಕಿಲೋಮೀಟರ್. ಶಾಲೆ ಮುಗಿಸಿ ಮೀನಿನ ಬಲೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಸಂಜೆ ಮಾಂಗಾ ಬರೆಯುತ್ತಿದ್ದರು. ಇತ್ತ ಟೋಕಿವಾಸೊದಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಅಕಾತ್ಸುಕಾ ಮತ್ತು ಶೋತಾರೊ ಇಶಿನೊಮೊರಿ. ಮೂವರೂ ಸೇರಿ ಒಂದು ಕಥೆ ಬರೆಯಲಿ ಅಂತ ಹುಡುಗಿಯರ ಪತ್ರಿಕೆಯ ಸಂಪಾದಕರೊಬ್ಬರಿಗೆ ಹೊಳೆಯಿತು. ಆಗ ಅವರಲ್ಲಿ ಯಾರಿಗೂ 23 ದಾಟಿರಲಿಲ್ಲ. ಹಾಳೆಗಳು ಅಂಚೆಯಲ್ಲಿ ಟೋಕಿಯೊದಿಂದ ಶಿಮೊನೊಸೆಕಿಗೆ, ಅಲ್ಲಿಂದ ಟೋಕಿಯೊಗೆ ಓಡಾಡಿದವು. ಕಥೆಯನ್ನು ಚೌಕಗಳಿಗೆ ಹೊಂದಿಸುವುದು ಇಶಿನೊಮೊರಿ ಪಾಲಿಗೆ, ನಾಯಕ ನಾಯಕಿಯ ಮುಖ ಮಿಜುನೊ ಪಾಲಿಗೆ. ಉಳಿದದ್ದಕ್ಕೆ ಅಕಾತ್ಸುಕಾ. 1958ರಲ್ಲಿ ಮಿಜುನೊ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ಬಂದರು. ಆಮೇಲೆ ಅಂಚೆಯ ಬದಲು ಕಾರಿಡಾರು.

ಮೂವರಿಗೂ ಸೇರಿ ಇಟ್ಟ ಹೆಸರು ಯು. ಮಯ್ಯಾ. ಮಿಜುನೊದ ಎಂ, ಇಶಿನೊಮೊರಿಯ ಐ, ಅಕಾತ್ಸುಕಾದ ಎ. ನನಗೆ ಮೊದಲು ಕೇಳಿದಾಗ ಕೋಟದ ಕಡೆಯ ಯಾರೋ ಮಯ್ಯರು ಇರಬೇಕು ಅನ್ನಿಸಿತು! ಆ ಪತ್ರಿಕೆ ಓದುತ್ತಿದ್ದ ಹುಡುಗಿಯರಿಗೆ ಏನನ್ನಿಸಿತೋ. ಒಂದು ಚೌಕದಲ್ಲಿ ಒಬ್ಬರ ಕೂದಲು, ಇನ್ನೊಬ್ಬರ ಮರ.

ಮಿಜುನೊ ಇಲ್ಲಿದ್ದದ್ದು ಒಂದು ವರ್ಷವೂ ಅಲ್ಲ. ಮುಂದೆ ತಮ್ಮದೇ ದಾರಿ ಹಿಡಿದು 1970ರಲ್ಲಿ ಶೋಗಾಕುಕಾನ್ ಮಾಂಗಾ ಪ್ರಶಸ್ತಿ ಪಡೆದರು. ಇಶಿನೊಮೊರಿ ಒಂದು ಲಕ್ಷ 28 ಸಾವಿರ ಪುಟ ಬರೆದು ಗಿನ್ನೆಸ್ ದಾಖಲೆ ಸೇರಿದರು.

ಹೊಟ್ಟೆ ಹಸಿದಿತ್ತು. ಇವರೆಲ್ಲ ತಿನ್ನುತ್ತಿದ್ದ ಮಾತ್ಸುಬಾ ಅನ್ನೋ ರಾಮೆನ್ ನೂಡಲ್ಸ್ ಅಂಗಡಿ ಇನ್ನೂ ಅದೇ ಬೀದಿಯಲ್ಲಿದೆ. ಒಳಗೆ ಹೋದೆವು. ನಾನು ಸಸ್ಯಾಹಾರಿ, ಜಪಾನಿನಲ್ಲಿ ಇದು ದೊಡ್ಡ ಪಜೀತಿ. ಸಾರು ಬೇಡ, ಮಾಂಸ ಬೇಡ ಅಂತ ಅಣ್ಣನ ಮಗಳು ವಿವರಿಸಿದಷ್ಟೂ ನನ್ನ ಬಟ್ಟಲು ಖಾಲಿಯಾಗುತ್ತ ಹೋಯಿತು. ಕೊನೆಗೆ ಅನ್ನ ಬಂತು. ಅವಳು ನನ್ನೆದುರು ಸೊರ್ ಅಂತ ಸದ್ದು ಮಾಡುತ್ತ ರಾಮೆನ್ ಎಳೆದುಕೊಂಡಳು. ಡೋರೆಮಾನ್ ಬರೆದವರ ಕಥೆಗಳಲ್ಲಿ ಯಾವಾಗಲೂ ರಾಮೆನ್ ತಿನ್ನುತ್ತಲೇ ಇರುವ ಗುಂಗುರು ಕೂದಲಿನ ಒಬ್ಬ ಬರುತ್ತಾನೆ, ಕೋಯ್ಕೆ. ಇದೇ ವಠಾರದಲ್ಲಿದ್ದ ಶಿನಿಚಿ ಸುಜುಕಿ ಅನ್ನುವವರನ್ನು ನೋಡಿ ಬರೆದದ್ದು ಅವನನ್ನು.

ಅಲ್ಲಿಂದ ಸ್ವಲ್ಪ ನಡೆದರೆ ಹಳೆಯ ಅಂಗಡಿಯೊಂದನ್ನು ವಿಶ್ರಾಂತಿ ಮನೆ ಮಾಡಿದ್ದಾರೆ. ಅದರ ಮಹಡಿಯಲ್ಲಿ ಹಿರೋ ತೆರಾದಾ ಅವರ ಕೋಣೆ. ಹೊರಗಿನವರಿಗೆ ಇವರ ಹೆಸರು ಗೊತ್ತಿರುವುದು ಕಡಿಮೆ. ಆದರೆ ಎಲ್ಲರಿಗೂ ದೊಡ್ಡಣ್ಣ ಇವರೇ. 1953ರ ಡಿಸೆಂಬರ್ 31ಕ್ಕೆ ಬಂದರು, ಉಳಿದವರನ್ನು ಸೇರಿಸಿ ‘ಹೊಸ ಮಾಂಗಾ ಪಕ್ಷ’ ಅಂತ ಗುಂಪು ಕಟ್ಟಿದರು. ಈ ವಠಾರಕ್ಕೆ ಹೊಸಬರು ಬರಬೇಕಿದ್ದರೆ, ಬೇರೆಯವರ ಕೆಲಸಕ್ಕೆ ಕೈಜೋಡಿಸುವಷ್ಟು ಕಸುಬು ಇರಬೇಕು ಅನ್ನುವುದೂ ಒಂದು ಷರತ್ತು. ಯಾರಿಗಾದರೂ ಬಾಡಿಗೆಗೆ ಕಷ್ಟವಾದರೆ ತೆರಾದಾ ಕೊಡುತ್ತಿದ್ದರು. ಅಕಾತ್ಸುಕಾ ಮಾಂಗಾ ಬಿಟ್ಟು ಹೋಟೆಲಿನಲ್ಲಿ ಸಪ್ಲೈಯರ್ ಆಗಿಬಿಡುತ್ತೇನೆ ಅಂದಾಗ ಕೈಗೆ ದುಡ್ಡು ಕೊಟ್ಟು ಕೂರಿಸಿದವರು ಇವರೇ. ರಾತ್ರಿ ಎಲ್ಲರೂ ಇವರ ಕೋಣೆಯಲ್ಲಿ. ಅಗ್ಗದ ಶೋಚು ಸಾರಾಯಿಗೆ ಸಿಹಿ ಸೋಡಾ ಬೆರೆಸಿ, ಅದಕ್ಕೆ ಚೂದಾ ಅಂತ ಹೆಸರಿಟ್ಟು ಕುಡಿಯುತ್ತಿದ್ದರು.

ತೆರಾದಾ ಬರೆದದ್ದು ಬೇಸ್‌ಬಾಲ್ ಆಡುವ ಒಳ್ಳೆಯ ಹುಡುಗರ ಕಥೆಗಳು. ಮಕ್ಕಳ ಪತ್ರಿಕೆಗಳಲ್ಲಿ ಹೊಡೆದಾಟ ಜಾಸ್ತಿಯಾಗುತ್ತ ಹೋದದ್ದು ಅವರಿಗೆ ಹಿಡಿಸಲಿಲ್ಲ. ಬರೆಯುವುದನ್ನೇ ಬಿಟ್ಟರು. 1990ರಲ್ಲಿ ಹಳೆಯ ಗೆಳೆಯರನ್ನೆಲ್ಲ ಚಿಗಾಸಾಕಿಯ ತಮ್ಮ ಮನೆಗೆ ಕರೆದು ಊಟ ಹಾಕಿದರು, ಕೈಬೀಸಿ ಕಳಿಸಿಕೊಟ್ಟರು. ಆಮೇಲೆ ಯಾರನ್ನೂ ನೋಡಲಿಲ್ಲ. 1992ರಲ್ಲಿ ತೀರಿಕೊಂಡರು. ಒಂದೇ ಹೆಸರಿನ ಆ ಇಬ್ಬರೂ ಅಷ್ಟರಲ್ಲಿ ಬೇರೆಬೇರೆ ಬರೆಯುತ್ತಿದ್ದರು.

“ಇವರು ಯಾಕೆ ಡೋರೆಮಾನ್ ಥರದ್ದು ಬರೀಲಿಲ್ಲ?” ಅಣ್ಣನ ಮಗಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಚ್ಚುಕಟ್ಟಾದ ಕೋಣೆ, ತಗ್ಗು ಮೇಜು. ಮೇಜಿನ ಮುಂದೆ ಒಂದಿಷ್ಟು ಖಾಲಿ ತತಾಮಿ.

ವಾಪಸ್ಸು ಬರುವಾಗ ಬೋರ್ಡನ್ನು ಎರಡು ಸಲ ಓದಿ ರೈಲು ಹತ್ತಿದೆ. ಅವಳು ಚೀಲದಿಂದ ನೋಟ್‌ಬುಕ್ ತೆಗೆದು ಹುಡುಗಿಯೊಬ್ಬಳ ಮುಖ ಬರೆಯತೊಡಗಿದಳು. ಮುಖದಲ್ಲಿ ಅರ್ಧ ಕಣ್ಣೇ. ಶಿಂಜುಕು ದಾಟುವಷ್ಟರಲ್ಲಿ ನೋಟ್‌ಬುಕ್ ನನ್ನ ತೊಡೆಯ ಮೇಲೆ ಬಂತು. “ಹಿಂದಿನ ಮನೆ, ಮರ ಎಲ್ಲ ನೀವು ಬರೀರಿ ಅತ್ತೆ.” ನಾನು ಹೆಂಚಿನ ಮನೆ ಬರೆದೆ, ಪಕ್ಕಕ್ಕೊಂದು ತೆಂಗಿನಮರ. ಅವಳು ತಲೆ ಓರೆ ಮಾಡಿ ನೋಡಿದಳು. ಮನೆ ಇರಲಿ ಅಂದಳು. ಆಮೇಲೆ ರಬ್ಬರ್ ತೆಗೆದಳು.