ಕೊಬ್ಬರಿ ಯಾರ್ಡಿನಲ್ಲಿ ಕಲಿತ ಇ-ಕಾಮರ್ಸ್

ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದ ದಿನ ಒಬ್ಬೊಬ್ಬರೂ ಒಂದೊಂದು ನೆನಪು ಬರೆಯತೊಡಗಿದರು. ಸಿಲಬಸ್ ಬಗ್ಗೆ ಒಬ್ಬರೂ ಬರೆಯಲಿಲ್ಲ. ಎಲ್ಲರೂ ಬರೆದಿದ್ದು ಕೊಬ್ಬರಿ ಯಾರ್ಡಿನ ಬಗ್ಗೆ, ಲಾ ಮೇಡಂ ಬಗ್ಗೆ, ಆಮೇಲೆ ಆ ಗಂಟೆಯ ಬಗ್ಗೆ. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಕೇಳಿದಾಗ ಇವನ್ನೇ ಬರೆಯೋಣ ಅನಿಸಿತು.

ನಾವು ತಿಪಟೂರಿನಲ್ಲಿ ಬಿ.ಕಾಂ. ಸೇರಿದ್ದು 2001ರಲ್ಲಿ. ತುಮಕೂರು ವಿಶ್ವವಿದ್ಯಾಲಯ ಇನ್ನೂ ಹುಟ್ಟಿರಲಿಲ್ಲ. ನಮ್ಮ ಅಂಕಪಟ್ಟಿಯ ಮೇಲೆ ಇರುವುದು ಬೆಂಗಳೂರು ವಿಶ್ವವಿದ್ಯಾಲಯದ ಹೆಸರು. ಇ-ಕಾಮರ್ಸ್, ಅಂದರೆ ಇಂಟರ್‌ನೆಟ್ಟಿನಲ್ಲಿ ಮಾಡುವ ವ್ಯಾಪಾರ, ಆಗ ಹೊಸ ವಿಷಯ, ಆರಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅಮೆರಿಕದ ಡಾಟ್‌ಕಾಂ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಕಾಲ ಅದು. ಮನೆಮನೆಗೆ ದಿನಸಿ ತಲುಪಿಸಲು ಹೊರಟಿದ್ದ ವೆಬ್‌ವ್ಯಾನ್ ನಾವು ಸೇರಿದ ವರ್ಷವೇ ದಿವಾಳಿಯಾಯಿತು. "ಇದನ್ನ ಓದಿ ಏನ್ ಮಾಡ್ತೀಯ, ಸುಮ್ನೆ ಕಾಸ್ಟಿಂಗ್ ತಗೋ" ಎಂದು ನಮ್ಮ ಚಿಕ್ಕಪ್ಪ ಹೇಳಿದ್ದರು. ನಾನು ಕೇಳಲಿಲ್ಲ. ಕೇಳದೇ ಇದ್ದಿದ್ದು ಒಳ್ಳೆಯದೇ ಆಯಿತು.

ಮೇಷ್ಟ್ರು ಮೊದಲಿನಿಂದಲೂ ಅಕೌಂಟ್ಸ್ ಕಲಿಸುತ್ತಿದ್ದವರು. ಹೊಸ ವಿಷಯ ಬಂದಾಗ ತಾವಾಗಿಯೇ ಮುಂದೆ ಬಂದು ವಹಿಸಿಕೊಂಡರು. ಬೆಂಗಳೂರಿನಲ್ಲಿ 1999ರಲ್ಲಿ ಶುರುವಾಗಿದ್ದ ಆನ್‌ಲೈನ್ ಅಂಗಡಿ ಫ್ಯಾಬ್‌ಮಾರ್ಟ್, 2000ದಲ್ಲಿ ಬಂದ ಆನ್‌ಲೈನ್ ಹರಾಜುಕಟ್ಟೆ ಬಾಜೀ ಡಾಟ್ ಕಾಂ, ಇವುಗಳ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಒಂದು ಹಳೆಯ ಲೆಡ್ಜರಿಗೆ ಅಂಟಿಸಿಕೊಂಡಿದ್ದರು. ಆ ಲೆಡ್ಜರೇ ನಮ್ಮ ಪಠ್ಯಪುಸ್ತಕ. ಬಿ-ಟು-ಬಿ (ವ್ಯಾಪಾರಿಯಿಂದ ವ್ಯಾಪಾರಿಗೆ), ಬಿ-ಟು-ಸಿ (ವ್ಯಾಪಾರಿಯಿಂದ ಗ್ರಾಹಕನಿಗೆ) ಎಂದು ಬೋರ್ಡಿನ ಮೇಲೆ ಬರೆದರು. ನಮ್ಮ ಮುಖ ನೋಡಿದರು. ಚಾಕ್‌ಪೀಸ್ ಕೆಳಗಿಟ್ಟು, "ಎದ್ದೇಳ್ರಪ್ಪಾ, ಎಪಿಎಂಸಿಗೆ ಹೋಗೋಣ" ಅಂದರು.

ತಿಪಟೂರಿನವರಿಗೆ ಎಪಿಎಂಸಿ ಮಾರುಕಟ್ಟೆಯ ಕೊಬ್ಬರಿ ಯಾರ್ಡಿನ ಬಗ್ಗೆ ಹೇಳಬೇಕಾಗಿಲ್ಲ. ಆದರೂ ಬೇರೆ ಊರಿನಿಂದ ಬಂದ ಮಕ್ಕಳಿಗಾಗಿ ಬರೆಯುತ್ತೇನೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿದ ಮೇಲೆ ಅಲ್ಲಾಡಿಸಿದರೆ ಗಟಗಟ ಸದ್ದು ಬರುತ್ತದೆ. ಆಗ ಸುಲಿದು, ಚಿಪ್ಪು ಒಡೆದು ತೆಗೆದರೆ ಉಂಡೆ ಕೊಬ್ಬರಿ. ರೈತ ಅದನ್ನು ಚೀಲದಲ್ಲಿ ತುಂಬಿ ಮಂಡಿಗೆ, ಅಂದರೆ ಯಾರ್ಡಿನಲ್ಲಿರುವ ದಲ್ಲಾಳಿಯ ಅಂಗಡಿಗೆ, ತಂದು ಹಾಕುತ್ತಾನೆ. ಖರೀದಿದಾರರು ಮಂಡಿಯಿಂದ ಮಂಡಿಗೆ ಓಡಾಡಿ ಮಾಲು ನೋಡುತ್ತಾರೆ. ಒಂದು ಉಂಡೆ ಎತ್ತಿಕೊಂಡು ತೂಕ ನೋಡುತ್ತಾರೆ, ಇನ್ನೊಂದನ್ನು ಒಡೆದು ಒಳಗಿನ ಬಿಳುಪು ನೋಡುತ್ತಾರೆ. ಆಮೇಲೆ ತಮ್ಮ ದರವನ್ನು ಆಗೆಲ್ಲ ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಪಕ್ಕದವನು ಎಷ್ಟು ಬರೆದ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೆಚ್ಚು ಬರೆದವನಿಗೆ ಮಾಲು.

ಆ ಮಾಲು ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿಯ ವ್ಯಾಪಾರಿ ತಿಪಟೂರನ್ನು ನೋಡಿಲ್ಲ, ಇಲ್ಲಿಯ ರೈತ ಅವನನ್ನು ನೋಡಿಲ್ಲ. ಮೇಷ್ಟ್ರು ಚೀಲಗಳ ನಡುವೆ ನಿಂತು ಕೇಳಿದ ಪ್ರಶ್ನೆಗಳು ನಮ್ಮ ಬ್ಯಾಚಿನ ಎಲ್ಲರಿಗೂ ಇವತ್ತಿಗೂ ಬಾಯಿಪಾಠ. "ಈಗ ದುಡ್ಡು ಯಾರ ಹತ್ರ ಇದೆ? ಮಾಲು ಯಾರ ಹತ್ರ ಇದೆ? ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ಬೇಕು?"

ಉತ್ತರ ಎದುರಿಗೇ ಕೂತಿತ್ತು. ಮಂಡಿಯ ಯಜಮಾನ. ರೈತನಿಗೆ ದುಡ್ಡು ಎಣಿಸುವವನು ಅವನು, ತೂಕದ ಜಗಳ ಬಂದರೆ ಬಗೆಹರಿಸುವವನೂ ಅವನೇ. "ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ಮಾಡೋಕೆ ಹೊರಟೋರು ಮಂಡಿ ಬೇಡ ಅಂತಾರೆ. ಮಂಡಿಯವನು ಮಾಡ್ತಿದ್ದ ಕೆಲಸ ಯಾರು ಮಾಡ್ಬೇಕು ಅಂತ ಅವರು ಮೊದಲು ಹೇಳ್ಲಿ" ಅಂದರು. ನನ್ನ ಮಟ್ಟಿಗೆ ಮೂರು ವರ್ಷದ ಓದು ಅಷ್ಟೇ. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿಕೊಂಡದ್ದು.

ಎಲ್ಲಿ ಹೋದರೂ ಅವರಿಗೆ ಇದೇ ಪ್ರಶ್ನೆ. ತಾಲ್ಲೂಕು ಕಚೇರಿಗೆ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ 'ಭೂಮಿ' ಯೋಜನೆ ಬಂದು 15 ರೂಪಾಯಿಗೆ ಪಹಣಿ ಪ್ರಿಂಟ್ ಕೊಡತೊಡಗಿದಾಗ ನಮ್ಮನ್ನು ಅಲ್ಲಿ ಕ್ಯೂ ನಿಲ್ಲಿಸಿದರು. 2002ರ ಆಗಸ್ಟ್‌ನಲ್ಲಿ ರೈಲ್ವೆಯ ಐಆರ್‌ಸಿಟಿಸಿ ಆನ್‌ಲೈನ್ ಟಿಕೆಟ್ ಶುರು ಮಾಡಿದಾಗ ಅದರ ಸುದ್ದಿಯನ್ನು ಲೆಡ್ಜರಿಗೆ ಅಂಟಿಸಿ, "ದುಡ್ಡು ತಂತಿಯಲ್ಲಿ ಹೋಗುತ್ತೆ, ಟಿಕೆಟ್ ಕೊರಿಯರ್‌ನಲ್ಲಿ ಬರುತ್ತೆ. ಮಧ್ಯದಲ್ಲಿ ಕಳೆದುಹೋದ್ರೆ?" ಎಂದು ಒಂದು ಇಡೀ ಪೀರಿಯಡ್ ಚರ್ಚೆ ಮಾಡಿಸಿದರು.

ಬಿಸಿನೆಸ್ ಲಾ ಹೇಳಿಕೊಡುತ್ತಿದ್ದ ಮೇಡಂ ಬೇರೆಯದೇ ಥರ. ನೋಟ್ಸ್ ಕೊಡುತ್ತಿರಲಿಲ್ಲ. ಮೇಜಿನ ಎಡಗಡೆ 1872ರ ಕರಾರು ಕಾಯ್ದೆ, ಬಲಗಡೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕಿದ ಕೂಡಲೇ ಪ್ರಸ್ತಾಪ ಮಾಡಿದವನು ಕಟ್ಟುಬೀಳುತ್ತಾನೆ ಎಂದು 4ನೇ ಸೆಕ್ಷನ್ ಓದಿಸುತ್ತಿದ್ದರು. "ಸರಿ, ಇಮೇಲ್ ಯಾವಾಗ ಅಂಚೆಗೆ ಬಿತ್ತು? ಹೇಳಮ್ಮಾ" ಎಂದು ಮುಂದಿನ ಬೆಂಚಿಗೆ ಕೇಳುತ್ತಿದ್ದರು. ಕಳಿಸಿದವನ ಹಿಡಿತದಲ್ಲಿಲ್ಲದ ಕಂಪ್ಯೂಟರನ್ನು ಅದು ಹೊಕ್ಕಾಗ ಎಂಬ ಉತ್ತರ ಹೊಸ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿತ್ತು. ಅದನ್ನು ನಾವೇ ಹುಡುಕಿ ತೆಗೆಯುವವರೆಗೂ ಅವರು ಬಿಡುತ್ತಿರಲಿಲ್ಲ. ಈಗ ಅವರಿಗೆ ವಯಸ್ಸಾಗಿದೆ. ಮೇಷ್ಟ್ರನ್ನು ಕೊನೆಯ ಸಲ ನೋಡಲು ಬಂದ ದಿನವೂ ನನ್ನ ಕೈ ಹಿಡಿದು, "ಓದ್ತಾ ಇದೀಯಾ?" ಅಂತಲೇ ಕೇಳಿದರು.

ಈಗ ಗಂಟೆಯ ವಿಷಯ. ಕಾಲೇಜಿನ ಆಫೀಸಿನ ಮುಂದೆ ಗಂಟೆಯಾಗಿ ತೂಗುಹಾಕಿದ್ದ ರೈಲು ಹಳಿಯ ತುಂಡು ಆಗಿನವರಿಗೆ ನೆನಪಿರಬಹುದು. ಕೊನೆಯ ವರ್ಷ ನಮಗೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಕಲಿಸಿದ್ದರು. ಜಿಯೋಸಿಟೀಸ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಪುಟ ಸಿಗುತ್ತಿತ್ತು. ಹಿಂದಿನ ಬೆಂಚಿನ ನಾವು ನಾಲ್ಕು ಜನ ಸೇರಿ ಒಂದು ಪುಟ ಮಾಡಿದೆವು. "ಪುರಾತನ ಗಂಟೆ ಹರಾಜಿಗಿದೆ. ನಾದ ಖಾತ್ರಿ. ಕನಿಷ್ಠ ಬೆಲೆ 500 ರೂಪಾಯಿ." ಕೆಳಗೆ ಕಾಲೇಜು ಆಫೀಸಿನ ಫೋನ್ ನಂಬರ್. ಲ್ಯಾಬಿನ ಇಂಟರ್‌ನೆಟ್ಟಿಗೂ ಆಫೀಸಿಗೂ ಇದ್ದದ್ದು ಒಂದೇ ಫೋನ್ ಲೈನ್. ನಾವು ಪುಟ ತೆರೆದು ನೋಡುತ್ತಿದ್ದಷ್ಟು ಹೊತ್ತು ಯಾರೂ ಫೋನ್ ಮಾಡುವ ಹಾಗಿರಲಿಲ್ಲ. ಅದರಿಂದ ಧೈರ್ಯ ಜಾಸ್ತಿಯಾಗಿತ್ತು.

ಲಿಂಕ್ ಇಮೇಲಿನಲ್ಲಿ ಸುತ್ತಾಡಿ ಬೆಂಗಳೂರು ತಲುಪಿತು. ಒಂದು ಮಧ್ಯಾಹ್ನ ಯಾರೋ ಆಫೀಸಿಗೆ ಫೋನ್ ಮಾಡಿ, "ಗಂಟೆಗೆ 800 ಕೊಡ್ತೀನಿ, ಲಾರಿ ಚಾರ್ಜ್ ಯಾರದು?" ಎಂದು ಕೇಳಿದರಂತೆ. ಸೂಪರಿಂಟೆಂಡೆಂಟರು ಅಟೆಂಡರನ್ನು ಓಡಿಸಿ ಗಂಟೆ ಇದೆಯೋ ಇಲ್ಲವೋ ನೋಡಿಸಿದರು. ಸಂಜೆಯೊಳಗೆ ನಾವು ನಾಲ್ವರೂ ಪ್ರಾಂಶುಪಾಲರ ಛೇಂಬರಿನಲ್ಲಿದ್ದೆವು.

ಮೇಷ್ಟ್ರು ಒಳಗೆ ಬಂದರು. ಕಂಪ್ಯೂಟರಿನಲ್ಲಿ ಪುಟ ನೋಡಿಕೊಂಡೇ ಬಂದಿದ್ದರು. "ಸಾರ್, ಇದನ್ನ ನಾನು ಪ್ರಾಜೆಕ್ಟ್ ಅಂತ ತಗೋತೀನಿ. ಆದ್ರೆ ಈಗ ಇರೋ ಹಾಗೆ ಪಾಸಾಗಲ್ಲ" ಅಂದರು. ನಮ್ಮ ಕಡೆ ತಿರುಗಿದರು. "ಏನ್ರಯ್ಯಾ, ಆ ಬೆಂಗಳೂರಿನೋರು 800 ಕಳಿಸಿದ್ರೆ ಯಾರ ಹೆಸರಿಗೆ ಕಳಿಸ್ಬೇಕು? ಗಂಟೆ ಬರ್ಲಿಲ್ಲ ಅಂದ್ರೆ ಯಾರನ್ನ ಹಿಡೀಬೇಕು?" ಪುಟದಿಂದ ಗಂಟೆ ತೆಗೆಸಿ, ಅದರ ಜಾಗದಲ್ಲಿ ಹಳೆಯ ಬೆಂಚುಗಳನ್ನು ಹಾಕಿಸಿದರು. ದುಡ್ಡು ಯಾರ ಹತ್ತಿರ ನಿಲ್ಲಬೇಕು, ಯಾವಾಗ ವಾಪಸ್ ಕೊಡಬೇಕು ಎಂದು ಷರತ್ತುಗಳ ಒಂದು ಪುಟ ಬರೆಸಿದರು. ಲಾ ಮೇಡಂ ಅದನ್ನು ಕೆಂಪು ಇಂಕಿನಲ್ಲಿ ತಿದ್ದಿದರು. ನಮ್ಮ ಪ್ರಾಜೆಕ್ಟಿಗೆ ಕ್ಲಾಸಿನಲ್ಲೇ ಹೆಚ್ಚು ಅಂಕ ಬಂತು.

ನಾನು ಈಗ ಬೆಂಗಳೂರಿನಲ್ಲಿ ಪೇಮೆಂಟ್ ಕಂಪನಿಯೊಂದರ ಸೆಟಲ್‌ಮೆಂಟ್ ವಿಭಾಗ ನೋಡಿಕೊಳ್ಳುತ್ತೇನೆ. ಗ್ರಾಹಕ ಕಟ್ಟಿದ ದುಡ್ಡು ನೇರವಾಗಿ ಅಂಗಡಿಯವನಿಗೆ ಹೋಗುವುದಿಲ್ಲ, ನಡುವೆ ಪ್ರತ್ಯೇಕ ಖಾತೆಯಲ್ಲಿ ನಿಲ್ಲುತ್ತದೆ. ಇದಕ್ಕೆ ರಿಸರ್ವ್ ಬ್ಯಾಂಕ್ 2009ರಲ್ಲಿ ನಿಯಮ ಮಾಡಿತು, 2020ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆ ಸುತ್ತೋಲೆಗಳನ್ನು ಓದಿದಾಗ ನನಗೆ ಮಂಡಿಯ ಗಲ್ಲಾಪೆಟ್ಟಿಗೆಯೇ ಕಂಡಿತು. ಲೆಕ್ಕ ತಾಳೆಯಾಗದ ರಾತ್ರಿ ನಮ್ಮಲ್ಲಿ ಮೊದಲು ಕರೆಯುವುದು ನನ್ನನ್ನೇ. ಹೆಮ್ಮೆಯಿಂದಲೇ ಹೇಳುತ್ತೇನೆ, ದೊಡ್ಡ ದೊಡ್ಡ ಕಡೆ ಓದಿ ಬಂದವರಿಗಿಂತ ಬೇಗ ನನಗೆ ದುಡ್ಡು ಎಲ್ಲಿ ನಿಂತಿದೆ ಎಂದು ಹೊಳೆಯುತ್ತದೆ.

2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ತಂದಾಗ ಮೇಷ್ಟ್ರೇ ಫೋನ್ ಮಾಡಿದ್ದರು. "ನೋಡಿದ್ಯೇನಯ್ಯಾ, ಮಾಲು ಕೈಗೆ ಬಂದ್ಮೇಲೆ ದುಡ್ಡು. ನಮ್ಮ ಜನಕ್ಕೆ ಇದೇ ಬೇಕಿತ್ತು." ಯುಪಿಐ ಬಂದ ಮೇಲೆ ತರಕಾರಿ ಅಂಗಡಿಯಲ್ಲಿ ನಿಂತು, ದುಡ್ಡು ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗೆ ಹೋಯಿತು ಎಂದು ಅಂಗಡಿಯಾಕೆಗೆ ವಿವರಿಸುತ್ತಿದ್ದರಂತೆ.

ಒಂದು ಬೇಸರ ಇದೆ, ಹೇಳಿಬಿಡುತ್ತೇನೆ. ಕೆಲಸಕ್ಕೆಂದು ಬರುವ ಹುಡುಗ ಹುಡುಗಿಯರ ಸಂದರ್ಶನ ಮಾಡುತ್ತೇನೆ. ಚುರುಕಾಗಿದ್ದಾರೆ, ಇಂಗ್ಲಿಷ್ ನಮಗಿಂತ ಎಷ್ಟೋ ಚೆನ್ನಾಗಿದೆ. ಆದರೆ "ವಾಪಸ್ ಮಾಡಿದ ಶರ್ಟಿನ ದುಡ್ಡು ಈಗ ಯಾರ ಹತ್ತಿರ ಇದೆ?" ಎಂದರೆ ಸುಮ್ಮನಾಗುತ್ತಾರೆ. ಗೈಡಿನಲ್ಲಿರುವ ಇ-ಕಾಮರ್ಸ್‌ನ ಹತ್ತು ಅನುಕೂಲಗಳನ್ನು ಮಾತ್ರ ಪಟಪಟ ಹೇಳುತ್ತಾರೆ. ತಪ್ಪು ಅವರದಲ್ಲ. ಕ್ಲಾಸಿನಿಂದ ಹೊರಗೆ ಅವರನ್ನು ಯಾರೂ ಕರೆದುಕೊಂಡು ಹೋಗಿಲ್ಲ, ಅಲ್ವಾ?

ರಾಜ್ಯದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರುವ ಕೆಲಸ 2014ರಲ್ಲೇ ಶುರುವಾಯಿತು. ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ನಾವು ಪುಸ್ತಕದಲ್ಲಿ ಓದಿದ ವಿಷಯ ಈಗ ಕಾಲೇಜಿನ ಮಗ್ಗುಲಲ್ಲೇ ನಡೆಯುತ್ತಿದೆ. ಕೊನೆಯ ವರ್ಷದ ಮಕ್ಕಳನ್ನು ಒಂದು ಟೆಂಡರ್ ದಿನ ಯಾರ್ಡಿಗೆ ಕರೆದುಕೊಂಡು ಹೋಗಲು ಅನುಮತಿ ಕೇಳಿ ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇನೆ. ನಮ್ಮ ಬ್ಯಾಚಿನ ಇಬ್ಬರು ಜೊತೆಗೆ ಬರುತ್ತಾರೆ, ಅವರಲ್ಲೊಬ್ಬ ಈಗ ಅಲ್ಲಿಯೇ ಖರೀದಿದಾರ. ಮಕ್ಕಳು ಬೆಳಿಗ್ಗೆಯೇ ತಯಾರಿರಲಿ, ಮಾಲು ನೋಡಲು ಖರೀದಿದಾರರು ಬರುವ ಮೊದಲೇ ನಾವು ಅಲ್ಲಿರಬೇಕು.