ಬಿನ್ನವತ್ತಳೆ ಬರೆಯುವವನ ನವೆಂಬರ್

ನವೆಂಬರ್ ಬಂತೆಂದರೆ ನನ್ನ ಫೋನು ಬೆಳಗ್ಗೆ ಏಳಕ್ಕೇ ಶುರು. "ಮೇಷ್ಟ್ರೇ, ಶುಕ್ರವಾರಕ್ಕೆ ಮೂರು ಬಿನ್ನವತ್ತಳೆ ಬೇಕಿತ್ತು." ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಊರು ತಾನಾಗಿ ಹಚ್ಚುವ ಕೆಲಸ ಈ ಸನ್ಮಾನಪತ್ರ ಬರೆಯುವುದು. ನಮ್ಮ ಮಂಡ್ಯದಲ್ಲಿ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ. ಆಟೊ ನಿಲ್ದಾಣದವರದ್ದು ಒಂದು ವಾರ, ಬಡಾವಣೆಯವರದ್ದು ಇನ್ನೊಂದು ವಾರ, ತಿಂಗಳ ಕೊನೆಯವರೆಗೂ ಎಲ್ಲಾದರೊಂದು ಪೆಂಡಾಲು. ಪ್ರತಿ ಪೆಂಡಾಲಲ್ಲೂ ನಾಲ್ಕೈದು ಸಾಧಕರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜು ಹಾಕಿಸಿದ ನನ್ನ ಬಿನ್ನವತ್ತಳೆ.

ಸರ್ಕಾರದ ರಾಜ್ಯೋತ್ಸವ ಪ್ರಶಸ್ತಿಗೆ ಒಂದು ಲೆಕ್ಕವಿದೆ. ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನ. 2024ರಲ್ಲಿ 69, 2025ರಲ್ಲಿ 70. ತಲಾ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. ನಮ್ಮ ಬೀದಿಯ ಲೆಕ್ಕ ಬೇರೆ. ಎಷ್ಟು ಶಾಲು ತಂದಿದ್ದಾರೋ ಅಷ್ಟು ಸಾಧಕರು. (ಇದನ್ನೋದಿ ನಮ್ಮ ರಾಜ್ಯೋತ್ಸವ ಸಮಿತಿಯ ಕಾರ್ಯದರ್ಶಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.)

ಮೊದಮೊದಲು ನಾನೂ ಮನೆಯಲ್ಲೇ ಕೂತು ಬರೆಯುತ್ತಿದ್ದೆ. ಎಲೆಮರೆಯ ಕಾಯಿ, ಕಾಯಕಯೋಗಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಕಂಪ್ಯೂಟರಲ್ಲಿ ಒಂದು ಫೈಲು, ಹೆಸರು ಬದಲಾಯಿಸಿದರೆ ಆಯಿತು. ಒಂದು ವರ್ಷ ಹೆಸರು ಬದಲಾಯಿಸಿದೆ, ನಡುವಿನ ಒಂದು ಸಾಲು ಮರೆತೆ. ಮೂವತ್ತು ವರ್ಷ ರೋಗಿಗಳಿಗೆ ಸೂಜಿ ಚುಚ್ಚಿದ ಕಾಂಪೌಂಡರ್ ವೇದಿಕೆಯ ಮೇಲೆ ಕೈಮುಗಿದು ನಿಂತಿದ್ದಾರೆ, ನಿರೂಪಕಿ ಓದುತ್ತಿದ್ದಾಳೆ: "ತಾವು ಭತ್ತದ ಬೇಸಾಯದಲ್ಲಿ ಮಾಡಿದ ಪ್ರಯೋಗಗಳು ನಾಡಿಗೇ ಮಾದರಿ." ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆದರಲ್ಲ, ನನಗೆ ನಾಚಿಕೆಯಾದದ್ದು ಅದಕ್ಕೆ. ಯಾರೂ ಕೇಳಿಸಿಕೊಳ್ಳುತ್ತಿರಲೇ ಇಲ್ಲ. ಕಾಂಪೌಂಡರು ಮಾತ್ರ ಕೆಳಗಿಳಿದು ಬಂದು, "ನಮ್ದು ಗದ್ದೆನೇ ಇಲ್ಲ ಕನ ಮೇಷ್ಟ್ರೇ" ಎಂದು ಮೆಲ್ಲಗೆ ನಕ್ಕರು.

ಅಲ್ಲಿಂದ ಈಚೆಗೆ ಮನೆಗೆ ಹೋಗಿ ಕೇಳದೆ ಒಂದಕ್ಷರ ಬರೆಯುವುದಿಲ್ಲ ಎಂದು ಹಠ ಹಿಡಿದಿದ್ದೇನೆ.

ಜನ ಮನಸ್ಸಿಟ್ಟು ಕೊಟ್ಟರೆ ಒಂದು ಮಾತು ಸಾಕು. ನಮ್ಮ ಜಿಲ್ಲೆಯ ರಾಜಕಾರಣಿಯಾಗಿದ್ದ ಕೆ.ವಿ. ಶಂಕರಗೌಡರನ್ನು ಮಂಡ್ಯದವರು ಇವತ್ತಿಗೂ 'ನಿತ್ಯಸಚಿವ' ಅನ್ನುತ್ತಾರೆ. ಅವರು ಕಟ್ಟಿದ ಪೀಪಲ್ಸ್ ಎಜುಕೇಷನ್ ಟ್ರಸ್ಟಿನ ಇಂಜಿನಿಯರಿಂಗ್ ಕಾಲೇಜು 1962ರಿಂದ ನಡೆಯುತ್ತಿದೆ. ಆ ಒಂದು ಪದದ ಮುಂದೆ ನನ್ನ ಸಾಕಾರಮೂರ್ತಿ ಎಲ್ಲಿ ನಿಲ್ಲುತ್ತಾನೆ?

ಸಂಘ ಸಂಸ್ಥೆಗಳಿಗೆ ಸನ್ಮಾನ ಮಾಡುವುದು ಇನ್ನೂ ಕಷ್ಟ. ಪೇಟ ಯಾರ ತಲೆಗೆ? ರಕ್ತ ಕೊಡುವ ಹುಡುಗರ ಒಂದು ಗುಂಪನ್ನು ಕರೆದಿದ್ದೆವು. ಅಧ್ಯಕ್ಷ ಒಬ್ಬನೇ ಬರುತ್ತಾನೆಂದು ಒಂದೇ ಪೇಟ ತರಿಸಿದ್ದರು, ಅದೂ ಬಾಡಿಗೆಯದು. ಹನ್ನೊಂದು ಜನ ಬಂದರು. ಅಧ್ಯಕ್ಷ ಪೇಟ ತೆಗೆದು ಪಕ್ಕದವನಿಗೆ ಹಾಕಿದ, ಅವನು ಅವನ ಪಕ್ಕದವನಿಗೆ. ಹನ್ನೊಂದು ತಲೆ ಸುತ್ತಿ ಬರುವಷ್ಟರಲ್ಲಿ ಬಾಡಿಗೆ ಅಂಗಡಿಯವನು ವೇದಿಕೆಯ ಮೆಟ್ಟಿಲ ಹತ್ತಿರ ನಿಂತು, "ಅಣ್ಣಾ, ಇನ್ನೊಂದ್ ಫಂಕ್ಷನ್ ಐತೆ, ಕೊಟ್ಬುಡಿ" ಅನ್ನುತ್ತಿದ್ದ. ಆ ರಾತ್ರಿ ತೆಗೆದ ಫೋಟೊಗಳಲ್ಲಿ ಎಲ್ಲರೂ ಬಾಯಿತುಂಬ ನಗುತ್ತಿರುವುದು ಅದೊಂದರಲ್ಲೇ.

ಹೋದ ವರ್ಷದ ಪಟ್ಟಿಯಲ್ಲಿ ಒಬ್ಬ ಅಜ್ಜಿಯ ಹೆಸರಿತ್ತು. ಆಸ್ಪತ್ರೆಯೊಂದರ ಕಾಂಪೌಂಡಿನ ಆಚೆ ಇಡ್ಲಿ ಮಾಡುತ್ತಾರೆ. ಬಾಣಂತಿಯರಿಗೆ, ಹಸುಗೂಸುಗಳಿಗೆ ಬಿಸಿನೀರು ಬೇಕೆಂದು ಫ್ಲಾಸ್ಕು, ಚೊಂಬು ಹಿಡಿದು ಬಂದವರಿಗೆಲ್ಲ ಹಂಡೆಯಿಂದ ತೋಡಿ ಕೊಡುತ್ತಾರೆ. ಆ ಕಡೆ ಎಲ್ಲರೂ ಕರೆಯುವುದು ಬಿಸ್ನೀರಜ್ಜಿ ಅಂತಲೇ. ಬೆಳಗಿನ ಜಾವ ಐದಕ್ಕೆ ಹೋಗಿ ನೋಟ್‌ಬುಕ್ ತೆಗೆದೆ.

"ದಿನಕ್ಕೆ ಎಷ್ಟು ಜನ ಬತ್ತಾರವ್ವ?"

"ಜನ್ವ ಎಣ್ಸಕ್ಕಾದದಾ? ಹಂಡೆ ಎಣ್ಸಿವ್ನಿ. ಮಳೆಗಾಲ್ದಲ್ಲಿ ಆರು, ಬ್ಯಾಸ್ಗೇಲಿ ನಾಕು."

ಉಚಿತವಾಗಿ ಎಂದು ಬರೆದು ಓದಿ ಹೇಳಿದೆ. ಅಜ್ಜಿಗೆ ಸಿಟ್ಟೇ ಬಂತು. "ಯಾರಾದ್ರೂ ಕಾಸ್ ಕೊಟ್ರೆ ಈಸ್ಕಂಡಿವ್ನಿ. ಸುಳ್ ಯಾಕ್ ಬರೀತೀರಿ?" ಹೊಡೆದು ಹಾಕಿದೆ. ತ್ಯಾಗ ಅಂದೆ. "ಒಲೆ ಹೆಂಗೂ ಉರೀತಿರ್ತದೆ ಕನ ಮೇಷ್ಟ್ರೇ, ಅದೇನ್ ತ್ಯಾಗ?" ಅದನ್ನೂ ಹೊಡೆದೆ. ಸೌದೆ ಎಲ್ಲಿಂದ ಅಂದಾಗ ಮಾತ್ರ ಅಜ್ಜಿ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತರು. ಸಾಮಿಲ್ಲಿನ ಸಾಹುಕಾರರೊಬ್ಬರು ಹದಿನೆಂಟು ವರ್ಷದಿಂದ ವಾರಕ್ಕೊಂದು ಗಾಡಿ ಚಕ್ಕೆ ಕಳಿಸುತ್ತಿದ್ದಾರೆ, ಒಂದು ಪೈಸೆ ತೆಗೆದುಕೊಂಡಿಲ್ಲ. "ಆವಪ್ಪನ್ ಹೆಸ್ರು ಬರೀರಿ. ಬರೀದಿದ್ರೆ ನಾ ಬರಾಕಿಲ್ಲ."

ಬರೆದೆ. ಒಬ್ಬರ ಬಿನ್ನವತ್ತಳೆಯಲ್ಲಿ ಇನ್ನೊಬ್ಬರ ಹೆಸರು ಯಾಕೆ ಎಂದು ಸಮಿತಿಯವರು ತಕರಾರು ತೆಗೆದರು. ನಾನು ಬಗ್ಗಲಿಲ್ಲ.

ಬಗ್ಗಿದ್ದು ಇನ್ನೊಂದು ವಿಷಯಕ್ಕೆ. ಅಜ್ಜಿಯ ಹಂಡೆಯ ತಳ ಸೋರುತ್ತಿತ್ತು. ಹಣ್ಣಿನ ಬುಟ್ಟಿ ಬಿಟ್ಟು ಒಂದು ಹಂಡೆ ಕೊಡೋಣ ಅಂದೆ. "ವೇದಿಕೆ ಮೇಲೆ ಹಂಡೆನಾ ಮೇಷ್ಟ್ರೇ!" ಅಂದರು. ಆಗ ನನಗೆ ನೆನಪಾದದ್ದು ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕೆರೆ ಕಾಮೇಗೌಡರು. ಕುಂದಿನಿಬೆಟ್ಟದಲ್ಲಿ ಕುರಿ ಮೇಯಿಸುತ್ತ, ಪ್ರಾಣಿ ಪಕ್ಷಿಗೆ ನೀರಿಲ್ಲವೆಂದು ಕಟ್ಟೆ ತೋಡುತ್ತ ಹೋದವರು. 2020ರ ಜೂನ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ಅವರ 16 ಕಟ್ಟೆಗಳನ್ನು ನೆನೆದ ಮೇಲೆ ದೇಶಕ್ಕೆಲ್ಲ ಗೊತ್ತಾದರು. ಪ್ರಶಸ್ತಿಯ ದುಡ್ಡು ಬಂದರೆ ಅದನ್ನೂ ಕಟ್ಟೆಗೇ ಸುರಿಯುತ್ತಿದ್ದ ಮನುಷ್ಯ. ಕೆಎಸ್ಆರ್‌ಟಿಸಿ ಅವರಿಗೆ ಬದುಕಿರುವವರೆಗೂ ಉಚಿತವಾಗಿ ಓಡಾಡಲು ಬಸ್ ಪಾಸ್ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರಿಗೆ ಎಷ್ಟು ಶಾಲು ಬಂದವೋ, ನನಗೆ ನೆನಪಿರುವುದು ಮಾತ್ರ ಆ ಪಾಸು. ಊರಿಂದ ಊರಿಗೆ ಕರೆಸಿಕೊಂಡು ಸನ್ಮಾನ ಮಾಡುವವರಲ್ಲಿ ಎಷ್ಟು ಮಂದಿ ಬಸ್ ಚಾರ್ಜ್ ಕೇಳುತ್ತಾರೆ?

ಇಷ್ಟೆಲ್ಲ ಸಮಿತಿಯ ಮುಂದೆ ಹೇಳಿದೆ. ತಲೆಯಾಡಿಸಿದರು, ಹಣ್ಣಿನ ಬುಟ್ಟಿಗೇ ಆರ್ಡರ್ ಕೊಟ್ಟರು. ಆಮೇಲೆ ಕಾರ್ಯದರ್ಶಿ (ಹೌದು, ಅದೇ ಕಾರ್ಯದರ್ಶಿ) ನನ್ನನ್ನು ಪಕ್ಕಕ್ಕೆ ಕರೆದು, "ಅರ್ಧ ನೀವ್ ಹಾಕಿ, ಅರ್ಧ ನಾನ್ ಹಾಕ್ತೀನಿ" ಅಂದ. ಪಾತ್ರೆ ಅಂಗಡಿಗೆ ಹೋಗಿ ಹಂಡೆ ತಂದು ಅವನ ಮನೆಯಲ್ಲಿಟ್ಟೆವು.

ಕಾರ್ಯಕ್ರಮ ಆರಕ್ಕೆ ಎಂದು ಹಾಕಿಸಿದ್ದರು. ಮುಖ್ಯ ಅತಿಥಿ ಬಂದದ್ದು ಎಂಟೂಕಾಲಿಗೆ. ಅಜ್ಜಿ ಮೊದಲ ಸಾಲಿನಲ್ಲಿ ಏಳೂವರೆವರೆಗೆ ಕೂತು, ಅಕ್ಕಿ ಉದ್ದು ರುಬ್ಬಬೇಕು ಎಂದು ಎದ್ದು ಹೋದರಂತೆ. ಹೆಸರು ಕೂಗಿದಾಗ ಕುರ್ಚಿ ಖಾಲಿ.

ಮಾರನೆ ದಿನ ಬೆಳಗ್ಗೆ ಸ್ಕೂಟರಿನ ಮುಂದೆ ಹಂಡೆ, ಹಿಂದೆ ಕೂತ ಕಾರ್ಯದರ್ಶಿಯ ತೊಡೆಯ ಮೇಲೆ ಬಿನ್ನವತ್ತಳೆ. ಅಜ್ಜಿ ಮೊದಲು ಹಂಡೆಯನ್ನು ತಟ್ಟಿ ನೋಡಿದರು, ಬೆಳಕಿಗೆ ಹಿಡಿದು ತಳ ನೋಡಿದರು. "ಅದೇನ್ ಬರ್ದಿದ್ದೀರೋ ಓದ್ರಿ" ಅಂದರು. ಫ್ಲಾಸ್ಕು ಹಿಡಿದು ನಿಂತಿದ್ದ ಏಳೆಂಟು ಜನರ ಮುಂದೆ ಗಟ್ಟಿಯಾಗಿ ಓದಿದೆ. ಮಳೆಗಾಲದಲ್ಲಿ ದಿನಕ್ಕೆ ಆರು ಹಂಡೆ, ಬೇಸಿಗೆಯಲ್ಲಿ ನಾಲ್ಕು ಎಂಬಲ್ಲಿಗೆ ಬಂದಾಗ ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಮೊನ್ನೆ ಜಡಿಮಳೇಲಿ ಏಳಾಗಿತ್ತು" ಅಂದಳು. ಚಪ್ಪಾಳೆಯೇನೂ ಬರಲಿಲ್ಲ. ನೀರು ಕಾದಿತ್ತು, ಸಾಲು ಮುಂದಕ್ಕೆ ಹೋಯಿತು.

ಹೊಗೆಗೆ ಗಾಜು ಕಪ್ಪಾಗುತ್ತದೆ, ಇಲ್ಲಿ ಬೇಡ ಎಂದು ಅಜ್ಜಿ ಆ ಬಿನ್ನವತ್ತಳೆಯನ್ನು ಚಕ್ಕೆ ಗಾಡಿಯವನ ಕೈಲಿ ಕಳಿಸಿಬಿಟ್ಟರು. ಈಗ ಅದು ಸಾಮಿಲ್ಲಿನಲ್ಲಿ ಸಾಹುಕಾರರ ಕುರ್ಚಿಯ ಹಿಂದೆ ನೇತಾಡುತ್ತಿದೆ. ಮೊನ್ನೆ ಹೋಗಿದ್ದಾಗ ಗಾಜಿನ ಮೇಲೆ ಮರದ ಹೊಟ್ಟು ಕೂತಿತ್ತು. ಅವರ ಹೆಸರಿರುವ ಸಾಲನ್ನು ಮಾತ್ರ ಯಾರೋ ಬೆರಳಲ್ಲಿ ಒರೆಸಿದ್ದರು.