ಕಾಣದ್ದಕ್ಕೆ ಕತ್ತಲೆ ಕೇಳಿದ ಹುಡುಗಿ

"ಕಾಣುವುದೇ ಇಲ್ಲವಾದರೆ ನಾನು ಲೈಟು ಯಾಕೆ ಆರಿಸಬೇಕು?"

ನೆರೆಮನೆಯ ಮಾಮನ ಈ ಮಾತು ಶನಿವಾರದಿಂದ ನನ್ನ ತಲೆಯಿಂದ ಇಳಿಯುತ್ತಿಲ್ಲ. ಅವರು ಕೇಳಿದ್ದು ನನ್ನ ತಂಗಿಯ ಮಗಳನ್ನು. ಬೆಂಗಳೂರಿನಿಂದ ಕ್ಯಾಮೆರಾ, ನಕ್ಷತ್ರಗಳ ಜೊತೆ ತಾನೂ ತಿರುಗುವ ಸ್ಟ್ಯಾಂಡು ಹೊತ್ತು ಅವಳು ಕಾಪುವಿಗೆ ಬಂದದ್ದೇ ಕ್ಯಾಲಿಫೋರ್ನಿಯಾ ನೀಹಾರಿಕೆ ಎಂಬ ಬಾಹ್ಯಾಕಾಶದ ಅನಿಲ ಮೋಡದ ಚಿತ್ರ ತೆಗೆಯಲು. ಕೃತ್ತಿಕೆಯಿಂದ ಬಡಗಣಕ್ಕೆ, ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಅದರ ಠಿಕಾಣಿ. ಸ್ಟ್ಯಾಂಡು ಸರಿಹೊಂದಿಸಲು ಧ್ರುವ ನಕ್ಷತ್ರ ಬೇಕು. ನಮ್ಮಲ್ಲಿ ಅದು ದಿಗಂತದಿಂದ ಬರೇ 13 ಡಿಗ್ರಿ ಮೇಲೆ. ತೆಂಗುಗಳ ನಡುವೆ ಸಿಕ್ಕ ಒಂದೇ ಸಂದಿಯಲ್ಲಿ ಮಾಮನ ಫ್ಲಡ್‌ಲೈಟು.

ಬೇಲಿಯಾಚೆ ಬಿದ್ದ ತೆಂಗಿನಕಾಯಿಗೂ ಲೆಕ್ಕ ಇಡುವ ಮನುಷ್ಯ. ನಾನಾಗಿದ್ದರೆ ಕೇಳುತ್ತಲೇ ಇರಲಿಲ್ಲ. ಅವಳು ಕೇಳಿದಳು. "ಏನು ನೋಡಲಿಕ್ಕೆ?" "ನೀಹಾರಿಕೆ, ಮಾಮ." "ಕಾಣುತ್ತದಾ?" "ಇಲ್ಲ, ಕಣ್ಣಿಗೆ ಕಾಣುವುದಿಲ್ಲ."

ಪ್ರಶ್ನೆಯೇನೋ ನ್ಯಾಯವಾದದ್ದೇ. ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು ಉದ್ದದ ವಸ್ತು ಮೇಲಿದ್ದೂ ಕಾಣುವುದಿಲ್ಲವೆಂದರೆ ಯಾರು ನಂಬಬೇಕು? ಬಿಸಿ ನಕ್ಷತ್ರವೊಂದರ ಅತಿನೇರಳೆ ಕಿರಣ ತಾಗಿ ಅಲ್ಲಿನ ಹೈಡ್ರೋಜನ್ ಕೆಂಪಗೆ ಹೊಳೆಯುತ್ತದೆ, ಅದೂ ತೀರಾ ಮಂಕಾಗಿ. ಕತ್ತಲಲ್ಲಿ ನಮ್ಮ ಕಣ್ಣಿಗೆ ಕೆಂಪೇ ದಕ್ಕುವುದಿಲ್ಲ. ಸಾಮಾನ್ಯ ಕ್ಯಾಮೆರಾದೊಳಗಿನ ಒಂದು ಗಾಜೂ ಆ ಕೆಂಪನ್ನು ಬಹುಪಾಲು ತಡೆಯುತ್ತದೆ. ಇವಳು ಆ ಗಾಜನ್ನೇ ತೆಗೆಸಿಹಾಕಿದ್ದಾಳೆ!

ಆದರೂ 1880ರ ದಶಕದಲ್ಲಿ ಅಮೆರಿಕದ ಖಗೋಳಜ್ಞ ಬರ್ನಾರ್ಡ್ ಇದನ್ನು ದೂರದರ್ಶಕಕ್ಕೆ ಕಣ್ಣಿಟ್ಟೇ ಪತ್ತೆಹಚ್ಚಿದ. ಚಿಕ್ಕಂದಿನಿಂದ ಫೋಟೋ ಸ್ಟುಡಿಯೋದಲ್ಲಿ ದುಡಿದು ಬೆಳೆದವನು. ಅವನಿಗಿದ್ದ ಕತ್ತಲೆ ನಮಗೆಲ್ಲಿದೆ? ಪಡುವಣಕ್ಕೆ ಮೀನುಗಾರಿಕಾ ಬೋಟುಗಳ ಬೆಳಕು, ಮೂಡಣಕ್ಕೆ ಹೆದ್ದಾರಿಯದು. ಚಿಕ್ಕಂದಿನಲ್ಲಿ ತೆಂಗಿನ ಗರಿಯ ಸೂಟೆ ಹಿಡಿದು ಯಕ್ಷಗಾನದ ಆಟ ನೋಡಲು ಹೋಗುವಾಗ ಗದ್ದೆಯ ಮೇಲೆ ಆಕಾಶಗಂಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಅದನ್ನು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈಗ ನೆರೆಮನೆಯವರ ಸ್ವಿಚ್ಚಿನ ದಯೆ ಬೇಕು. ಮಾಮನನ್ನು ಬಯ್ಯುತ್ತಿದ್ದೇನೆ, ನಮ್ಮ ಗೇಟಿನ ಎರಡು ದೀಪಗಳೂ ಬೆಳಗಿನವರೆಗೆ ಉರಿಯುವಂಥವೇ.

ಗೊಣಗುತ್ತಲೇ ಮಾಮ ಲೈಟು ಆರಿಸಿದರು. ಆರಿಸಿ ಹೋಗಲಿಲ್ಲ, ಮಫ್ಲರ್ ಸುತ್ತಿಕೊಂಡು ಅಲ್ಲೇ ನಿಂತು "ಬಂತಾ?" ಎಂದು ಕೇಳುತ್ತಲೇ ಇದ್ದರು. ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಲ್ಯಾಪ್‌ಟಾಪಿನಲ್ಲಿ ಕೆಂಪು ಪಟ್ಟಿಯೊಂದು ಮೂಡಿತು.

"ಇದು ಈಗ ಮೇಲೆ ಉಂಟಾ?"

"ಉಂಟು ಮಾಮ."

ಚಿತ್ರ ಈಗ ಅವರ ಮೊಬೈಲಿನಲ್ಲಿದೆ. ನೀಹಾರಿಕೆ ಸಿಕ್ಕಿದ್ದು ತನ್ನ ಜಾಗದ ಮೇಲೆಯೇ ಎಂದು ಹಾಲಿನ ಡೈರಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದಾರಂತೆ. ಸರ್ವೆ ಮಾಡಿಸಿದರೆ ಅರ್ಧವಾದರೂ ನಮ್ಮ ಪಾಲಿಗೆ ಬಂದೀತು.